ಚಿಟಿಕೆ ಟೈಟಾನಿಯಾ ಮತ್ತು ಹಿಗ್ಗಿದ ರಂಧ್ರ

ಧಾರವಾಡದ ಎಂ.ಟೆಕ್ ವಿದ್ಯಾರ್ಥಿನಿಯೊಬ್ಬಳು ಹುಬ್ಬಳ್ಳಿಯ ನಮ್ಮ ಲ್ಯಾಬಿಗೆ ಎರಡು ಕೊಳವೆ ತಂದಿದ್ದಳು. ಎರಡೂ ನೀರು ಸೋಸುವ ಸೆರಾಮಿಕ್ ಮೆಂಬ್ರೇನ್, ಅಂದರೆ ಸಣ್ಣ ರಂಧ್ರಗಳ ಜರಡಿ. ಒಂದು ಬರೀ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್), ಇನ್ನೊಂದರಲ್ಲಿ ಶೇಕಡಾ 2ರಷ್ಟು ಟೈಟಾನಿಯಾ (ಟೈಟಾನಿಯಂ ಆಕ್ಸೈಡ್). ಎರಡನ್ನೂ 1450 ಡಿಗ್ರಿಯಲ್ಲೇ ಸುಟ್ಟಿದ್ದಳು. "ಮೇಡಂ, ಬರೀ ಅಲ್ಯುಮಿನಾ ಕೈಯಲ್ಲೇ ಉದುರ್ತದ. ಟೈಟಾನಿಯಾದ್ದು ಗಟ್ಟಿ ಐತಿ, ಆದ್ರ ರಾಡಿ ನೀರು ಹಂಗ ದಾಟಿ ಬರ್ತದ" ಎಂದಳು.

ಪಂಚಮಿಯ ಚುರುಮುರಿ ಉಂಡಿ ನೆನಪಿಸಿಕೊಳ್ಳಿ. ಚುರುಮುರಿ ಕರಗುವುದಿಲ್ಲ. ಒಂದಕ್ಕೊಂದು ತಾಗಿದಲ್ಲಿ ಮಾತ್ರ ಅಂಟುತ್ತದೆ, ನಡುವೆ ಸಂದು ಉಳಿಯುತ್ತದೆ. ಪುಡಿಯನ್ನು ಕರಗಿಸದೆ ಸುಟ್ಟು ಗಟ್ಟಿ ಮಾಡುವ ಸಿಂಟರಿಂಗ್ ಕೂಡ ಹಾಗೇ, ಆದರೆ ಇಲ್ಲಿ ಬೆಲ್ಲದ ಪಾಕವಿಲ್ಲ. ಅಲ್ಯುಮಿನಾ ಕರಗಲು 2050 ಡಿಗ್ರಿಯಷ್ಟು ಬೇಕು. ಅದಕ್ಕಿಂತ ಎಷ್ಟೋ ಮೊದಲೇ ಪರಮಾಣುಗಳು ಸರಿದು, ಕಣಗಳು ತಾಗಿದಲ್ಲಿ ಬೆಸೆದುಕೊಳ್ಳುತ್ತವೆ. ನಮಗೆ ಈ ಬೆಸುಗೆ ಬೇಕು, ಸಂದೂ ಬೇಕು. ಉರಿ ಜಾಸ್ತಿಯಾದರೆ ದೊಡ್ಡ ಕಣ ಸಣ್ಣದನ್ನು ನುಂಗಿ ಬೆಳೆಯುತ್ತದೆ. ಸಂದುಗಳೂ ಒಂದರೊಳಗೊಂದು ಸೇರಿ ಹಿಗ್ಗುತ್ತವೆ.

ಟೈಟಾನಿಯಾ ಇಲ್ಲಿ ಏನು ಮಾಡುತ್ತದೆ? ಅಲ್ಯುಮಿನಿಯಂ ಅಯಾನಿನ ವಿದ್ಯುದಾವೇಶ ಮೂರು, ಟೈಟಾನಿಯಂನದು ನಾಲ್ಕು. ಮೂರು ಟೈಟಾನಿಯಂ ಒಳಗೆ ಬಂದರೆ ಆವೇಶದ ಲೆಕ್ಕ ಸರಿಯಾಗಲು ಒಂದು ಅಲ್ಯುಮಿನಿಯಂ ಜಾಗ ಖಾಲಿ ಬೀಳುತ್ತದೆ. ತುಂಬಿ ತುಳುಕುವ ಚಿಗರಿ ಬಸ್ಸಿನಲ್ಲಿ ನಾಲ್ಕು ಜನ ಇಳಿದರೆ ಉಳಿದವರು ಸಲೀಸಾಗಿ ಸರೀತಾರೆ, ಅಲ್ವಾ? ಪರಮಾಣುಗಳೂ ಹಾಗೇ. ಬೆಸುಗೆ ಕಡಿಮೆ ಉರಿಯಲ್ಲೇ ಆಗುತ್ತದೆ. ಆದರೆ ಕಣಗಳ ಗಡಿಗಳೂ ಅಷ್ಟೇ ಬೇಗ ಓಡುತ್ತವೆ, ಕಣ ಬೆಳೆದು ಸಂದು ಹಿಗ್ಗುತ್ತದೆ. ಅವಳ ಕೊಳವೆಯಲ್ಲಿ ಆಗಿದ್ದು ಇದೇ. ಅಲ್ಲದೆ, ಅಲ್ಯುಮಿನಾದೊಳಗೆ ಟೈಟಾನಿಯಾ ಬೆರೆಯುವುದು ಶೇಕಡಾ 1ಕ್ಕಿಂತ ಬಹಳ ಕಡಿಮೆ. ಮಿಕ್ಕಿದ್ದು ಈ ಉರಿಯಲ್ಲಿ ಅಲ್ಯುಮಿನಾದ ಜೊತೆ ಕೂಡಿ ಅಲ್ಯುಮಿನಿಯಂ ಟೈಟನೇಟ್ ಎಂಬ ಬೇರೆ ವಸ್ತು ಆಗುತ್ತದೆ. ಅದು ತಣಿಯುವಾಗ ಒಂದೊಂದು ದಿಕ್ಕಿಗೆ ಒಂದೊಂದು ಥರ ಕುಗ್ಗಿ, ಸಣ್ಣ ಬಿರುಕು ಬಿಡಿಸುತ್ತದೆ.

ಹಾಗಾದರೆ ಮೆಗ್ನೀಷಿಯಾ (ಮೆಗ್ನೀಷಿಯಂ ಆಕ್ಸೈಡ್) ಹಾಕೋಣ್ವಾ ಎಂದು ಕೇಳಿದಳು. ಅದು ಗಡಿಗಳ ಓಟವನ್ನು ನಿಧಾನ ಮಾಡುತ್ತದೆ, ನಿಜ. ಆದರೆ ಅದರ ಹೆಸರುವಾಸಿ ಕೆಲಸವೇ ಬೇರೆ. ಜನರಲ್ ಎಲೆಕ್ಟ್ರಿಕ್‌ನ ವಿಜ್ಞಾನಿ ರಾಬರ್ಟ್ ಕೋಬಲ್ ಚೂರು ಮೆಗ್ನೀಷಿಯಾ ಬೆರೆಸಿ, ಅಲ್ಯುಮಿನಾದೊಳಗಿನ ರಂಧ್ರಗಳನ್ನೇ ಹೊರಹಾಕಿ, ಬೆಳಕು ಹಾಯುವಂತೆ ಮಾಡಿದರು. 1962ರಲ್ಲಿ ಪೇಟೆಂಟ್ ಸಿಕ್ಕಿತು. ರಸ್ತೆಯ ಹಳದಿ ಸೋಡಿಯಂ ದೀಪದ ಒಳಗಿನ ಕೊಳವೆ ಅದೇ. ದೀಪಕ್ಕೆ ರಂಧ್ರ ಶತ್ರು, ನಮಗೆ ರಂಧ್ರವೇ ಬಂಡವಾಳ.

ನಾನು ಜಿರ್ಕೋನಿಯಾದ (ಜಿರ್ಕೋನಿಯಂ ಆಕ್ಸೈಡ್) ಕಡೆ ವಾಲುತ್ತೇನೆ. ಅದು ಅಲ್ಯುಮಿನಾದಲ್ಲಿ ಬೆರೆಯುವುದಿಲ್ಲ ಎಂದೇ ಹೇಳಬಹುದು. ಕಣಗಳ ಮೂಲೆಯಲ್ಲಿ ಗೂಟ ಹೊಡೆದಂತೆ ಕೂತು, ಗಡಿಯನ್ನು ಹಿಡಿದು ನಿಲ್ಲಿಸುತ್ತದೆ. ಅವಳಿಗೆ ಟೈಟಾನಿಯಾವನ್ನು ಅರ್ಧ ಪರ್ಸೆಂಟಿಗೆ ಇಳಿಸಿ, ಚೂರು ಜಿರ್ಕೋನಿಯಾ ಸೇರಿಸಿ, 1350ರಿಂದ ಶುರು ಮಾಡಲು ಹೇಳಿದೆ. ಗಟ್ಟಿತನವೊಂದನ್ನೇ ಅಳೆದು ಸುಮ್ನೆ ಕೂರಬೇಡ, ಪ್ರತಿ ಸಲ ಕೊಳವೆ ಮುರಿದು ಮುರಿದ ಮುಖವನ್ನು ಮೈಕ್ರೋಸ್ಕೋಪಿನಲ್ಲಿ ನೋಡು ಎಂದೆ. ಮೊದಲ ಮೂರು ತುಂಡು ಈಗ ಫರ್ನೇಸಿನಲ್ಲಿವೆ.