ಬೊಸ್ನಿಯಾವನ್ನು ಮೂರು ಪಾಲು ಮಾಡಿದ್ದರೆ: ಗೆರೆಯ ಲೆಕ್ಕದ ಕುರಿತು ಟಿಪ್ಪಣಿ

ಬೊಸ್ನಿಯಾ-ಹರ್ಜೆಗೊವಿನಾವನ್ನು ಮುಸ್ಲಿಮರು, ಸರ್ಬರು ಮತ್ತು ಕ್ರೊಯೇಟರ ನಡುವೆ ಹಂಚಿಬಿಟ್ಟಿದ್ದರೆ 1992–95ರ ಯುದ್ಧ ತಪ್ಪುತ್ತಿತ್ತೇ ಎಂಬುದು ಪರ್ಯಾಯ ಇತಿಹಾಸದ ಅಭ್ಯಾಸಗಳಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆ. ಹೌದು ಅಥವಾ ಇಲ್ಲ ಎನ್ನುವ ಮೊದಲು, ಗೆರೆಯನ್ನು ಯಾವಾಗ ಎಳೆದದ್ದು ಮತ್ತು ಯಾವ ಲೆಕ್ಕದ ಮೇಲೆ ಎಳೆದದ್ದು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಬಹುತೇಕ ಉತ್ತರಗಳು ಎಡವುವುದು ಎರಡನೆಯದರಲ್ಲಿ, ಆದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಇತಿಹಾಸ ಕವಲೊಡೆಯಬಹುದಾಗಿದ್ದ ಬಿಂದುಗಳು

ಮೊದಲನೆಯದು 1992ರ ಮಾರ್ಚ್. ಪೋರ್ಚುಗಲ್‌ನ ರಾಜತಂತ್ರಜ್ಞ ಕುಟಿಲೇರೊ ಮುಂದಿಟ್ಟ, ದೇಶವನ್ನು ಜನಾಂಗೀಯ ಘಟಕಗಳಾಗಿ ವಿಂಗಡಿಸುವ ಯೋಜನೆಗೆ ಮೂರೂ ಪಕ್ಷಗಳ ನಾಯಕರು ಮಾರ್ಚ್ 18ರಂದು ಒಪ್ಪಿದ್ದರು. ಆ ತಿಂಗಳು ಮುಗಿಯುವಷ್ಟರಲ್ಲಿ ಮುಸ್ಲಿಮರ ನಾಯಕ ಇಜೆತ್‌ಬೆಗೊವಿಚ್ ಒಪ್ಪಿಗೆಯನ್ನು ಹಿಂತೆಗೆದುಕೊಂಡರು. ಎರಡನೆಯದು 1993ರ ಬೇಸಿಗೆಯ ಓವೆನ್–ಸ್ಟೋಲ್ಟೆನ್‌ಬರ್ಗ್ ಯೋಜನೆ. ಮೂರು ಗಣರಾಜ್ಯಗಳ ಸಡಿಲ ಒಕ್ಕೂಟವನ್ನು ಸೂಚಿಸಿದ್ದ ಇದು ಅರ್ಧಕ್ಕಿಂತ ತುಸು ಹೆಚ್ಚು ಭೂಮಿಯನ್ನು ಸರ್ಬರಿಗೂ ಸುಮಾರು 30%ರಷ್ಟನ್ನು ಮುಸ್ಲಿಮರಿಗೂ ಕೊಡುತ್ತಿತ್ತು. ಮೂರನೆಯದು 1995ರ ನವೆಂಬರ್‌ನ ಡೇಟನ್ ಒಪ್ಪಂದ. ಅದು ದೇಶವನ್ನು ಒಂದಾಗಿಯೇ ಉಳಿಸಿ, ಒಳಗೆ ನೆಲವನ್ನು 51:49ರ ಪ್ರಮಾಣದಲ್ಲಿ ಹಂಚಿ ಎರಡು ಘಟಕಗಳನ್ನು ಮಾಡಿತು: ಬೊಸ್ನಿಯಾಕ್ (ಅಂದರೆ ಮುಸ್ಲಿಮ್)–ಕ್ರೊಯೇಟ್ ಫೆಡರೇಶನ್ ಮತ್ತು ಸರ್ಬರ ಗಣರಾಜ್ಯ. 1993ರ ಜನವರಿಯ ವಾನ್ಸ್–ಓವೆನ್ ಯೋಜನೆಯನ್ನು ಈ ಸಾಲಿಗೆ ಸೇರಿಸಬಾರದು. ಅದರ ಹತ್ತು ಪ್ರಾಂತ್ಯಗಳನ್ನು ಯಾವ ಗುಂಪೂ ತನ್ನದೇ ಅಖಂಡ ನಾಡಾಗಿ ಜೋಡಿಸಿಕೊಳ್ಳಲಾಗದಂತೆ ಹೆಣೆಯಲಾಗಿತ್ತು.

ಬಣ್ಣ ಬಳಿದ ನಕ್ಷೆ ಮುಚ್ಚಿಡುವುದೇನು

1991ರ ಜನಗಣತಿಯ ಪ್ರಕಾರ ಸುಮಾರು 43.8 ಲಕ್ಷ ಜನರಲ್ಲಿ ಮುಸ್ಲಿಮರು 43.5%, ಸರ್ಬರು 31.2%, ಕ್ರೊಯೇಟರು 17.4%. ಈ ಗಣತಿಯಿಂದ ತಯಾರಾಗುವ ನಕ್ಷೆಗಳಲ್ಲಿ ‘ಒಪ್ಶ್ತಿನಾ’ ಎಂಬ ಪ್ರತಿಯೊಂದು ಸ್ಥಳೀಯ ಆಡಳಿತ ಘಟಕಕ್ಕೂ ಅಲ್ಲಿನ ಅತಿ ದೊಡ್ಡ ಗುಂಪಿನ ಬಣ್ಣವನ್ನು ಬಳಿದಿರುತ್ತಾರೆ. ನೋಡುವವರಿಗೆ ಗೆರೆ ಆಗಲೇ ಸಿದ್ಧವಾಗಿದೆ, ಎಳೆಯುವುದೊಂದೇ ಬಾಕಿ ಅನ್ನಿಸುತ್ತದೆ. ಇಲ್ಲಿ ನಿಧಾನಿಸಬೇಕು.

ವಾಯವ್ಯದ ಪ್ರಿಯೆದೊರ್ ಅನ್ನು ತೆಗೆದುಕೊಳ್ಳೋಣ. ಅಲ್ಲಿ ನೂರಕ್ಕೆ ಸುಮಾರು 44 ಜನ ಮುಸ್ಲಿಮರು, 42 ಜನ ಸರ್ಬರು. ಉಳಿದ 14ರಲ್ಲಿ ಕ್ರೊಯೇಟರು, ತಮ್ಮನ್ನು ‘ಯುಗೊಸ್ಲಾವರು’ ಎಂದು ಬರೆಸಿಕೊಂಡವರು ಮತ್ತು ಇತರರು. ಈ ಘಟಕವನ್ನು ಮುಸ್ಲಿಮ್ ಪಾಲಿಗೆ ಹಾಕಿದರೆ ನೂರರಲ್ಲಿ 56 ಜನ ‘ತಮ್ಮದಲ್ಲದ’ ನಾಡಿನಲ್ಲಿ ಉಳಿಯುತ್ತಾರೆ. ಸರ್ಬರ ಪಾಲಿಗೆ ಹಾಕಿದರೆ 58 ಜನ. ನಕ್ಷೆಯ ಬಣ್ಣ ಪೂರ್ತಿ ಬದಲಾಯಿತು, ಆದರೆ ಹೊರಗುಳಿದವರ ಸಂಖ್ಯೆಯಲ್ಲಿ ಆದ ವ್ಯತ್ಯಾಸ ನೂರಕ್ಕೆ ಎರಡು. ಅಂದರೆ ಯಾವ ಬಣ್ಣ ಎಂಬ ಪ್ರಶ್ನೆಗೆ ಸಿಗುವ ಉತ್ತರ, ಎಷ್ಟು ಜನರನ್ನು ಎಬ್ಬಿಸಬೇಕಾಗುತ್ತದೆ ಎಂಬ ಪ್ರಶ್ನೆಗೆ ಉತ್ತರವೇ ಅಲ್ಲ. ಯಾವ ನಕ್ಷೆ ಕಣ್ಣಿಗೆ ಬಿದ್ದರೂ ಬಣ್ಣವನ್ನು ಬಿಟ್ಟು, ನೂರರಿಂದ ಅತಿ ದೊಡ್ಡ ಗುಂಪಿನ ಪ್ರಮಾಣವನ್ನು ಕಳೆದು, ಉಳಿದ ಅಂಕಿಯನ್ನು ಆ ಘಟಕದ ಮೇಲೆ ಬರೆದುಕೊಳ್ಳುವುದು ನಾನು ಕಂಡುಕೊಂಡ ಅತ್ಯಂತ ಉಪಯುಕ್ತ ಅಡ್ಡದಾರಿ. ಹೀಗೆ ಬರೆದರೆ ಮೊಸ್ತಾರ್ ಮೇಲೆ 65 ಬರುತ್ತದೆ, ಏಕೆಂದರೆ ಅಲ್ಲಿ ಮುಸ್ಲಿಮರೂ ಕ್ರೊಯೇಟರೂ ತಲಾ ಮೂರನೇ ಒಂದು ಭಾಗದ ಆಸುಪಾಸಿನಲ್ಲಿದ್ದರು. ಸ್ಪಷ್ಟ ಸರ್ಬ್ ಬಹುಮತವಿದ್ದ ಬಾನ್ಯಾ ಲೂಕಾದ ಮೇಲೂ 45 ಬರುತ್ತದೆ. ಮುಕ್ಕಾಲು ಪಾಲು ಮುಸ್ಲಿಮರೇ ಇದ್ದ ಸ್ರೆಬ್ರೆನಿತ್ಸಾದಲ್ಲಿಯೂ ನಾಲ್ವರಲ್ಲಿ ಒಬ್ಬರು ಹೊರಗು. ಇನ್ನು ದೇಶದಾದ್ಯಂತ 5.5%ರಷ್ಟಿದ್ದ ಯುಗೊಸ್ಲಾವರಿಗೆ, ಗೆರೆಯನ್ನು ಎಲ್ಲಿ ಎಳೆದರೂ ಪಾಲೇ ಇಲ್ಲ.

ಜನರ ಪ್ರಮಾಣ ಮತ್ತು ಭೂಮಿಯ ಪ್ರಮಾಣ ಬೇರೆ ಬೇರೆ ಎಂಬುದನ್ನೂ ಜೊತೆಗೇ ನೆನಪಿಡಬೇಕು. ಸುಮಾರು 17,000 ಜನರಿದ್ದ ದ್ರ್ವಾರ್‌ನಂಥ ಪಶ್ಚಿಮದ ಬೆಟ್ಟದ ಘಟಕಗಳು ಬಹುತೇಕ ಪೂರ್ತಿ ಸರ್ಬರವು. ಜನ ಕಡಿಮೆ, ನೆಲ ವಿಶಾಲ. ನಕ್ಷೆಯಲ್ಲಿ ಕಣ್ಣು ತುಂಬುವ ಬಣ್ಣ ಜನಗಣತಿಯಲ್ಲಿ ಅಷ್ಟು ತೂಗದಿರುವುದಕ್ಕೆ ಇದೊಂದು ಕಾರಣ.

ಕೂಡಿಸುವ ತೊಡಕು

ಘಟಕಗಳನ್ನು ಹಂಚಿದ ಮೇಲೂ ಅವು ಒಂದಕ್ಕೊಂದು ತಾಗಬೇಕಲ್ಲ. ಸರ್ಬರ ದೊಡ್ಡ ನೆಲೆಗಳು ಪಶ್ಚಿಮದ ಕ್ರಾಯಿನಾ ಮತ್ತು ಪೂರ್ವದ ಅಂಚಿನಲ್ಲಿದ್ದವು. ಇವೆರಡನ್ನು ಉತ್ತರದಲ್ಲಿ ಬೆಸೆಯಬೇಕಾದರೆ ಸಾವಾ ನದಿಯ ಬಯಲನ್ನು, ಅಂದರೆ ಕ್ರೊಯೇಟ್ ಬಹುಮತದ ಓಜಾಕ್ ಹಾಗೂ ಸರ್ಬರು ಐದನೇ ಒಂದು ಭಾಗದಷ್ಟೇ ಇದ್ದ ಬ್ರ್ಚ್ಕೊ ಮೊದಲಾದ ಕಡೆಗಳನ್ನು, ಹಿಡಿಯಲೇಬೇಕು. 1992ರ ಮೇ 12ರಂದು ಬೊಸ್ನಿಯಾದ ಸರ್ಬರ ವಿಧಾನಸಭೆ ಒಪ್ಪಿದ ಆರು ಗುರಿಗಳಲ್ಲಿ ಎರಡನೆಯದು ಈ ಕಾರಿಡಾರ್, ಮೂರನೆಯದು ದ್ರಿನಾ ನದಿಯನ್ನು ಸರ್ಬಿಯಾದ ಜೊತೆಗಿನ ಗಡಿಯಾಗಿ ಉಳಿಸದಿರುವುದು. ದ್ರಿನಾ ದಡದ ಜ್ವೊರ್ನಿಕ್, ವಿಶೆಗ್ರಾದ್‌ಗಳಲ್ಲಿ ಮುಸ್ಲಿಮರದೇ ಬಹುಮತ. ಗುರಿಗಳ ಪಟ್ಟಿಯನ್ನು ಗಣತಿಯ ಪಕ್ಕದಲ್ಲಿಟ್ಟು ಓದಿದರೆ, ಜನರನ್ನು ಹೊರದಬ್ಬದೆ ಆ ನಕ್ಷೆ ಕೂಡುವುದೇ ಇಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಲೆಕ್ಕವನ್ನು ಮತ್ತೆ ಕವಲುಗಳಿಗೆ ಹಚ್ಚಿದರೆ

1992ರ ಮಾರ್ಚ್‌ನಲ್ಲೇ ವಿಭಜನೆ ನಡೆದಿದ್ದರೆ, ಮೇಲೆ ಬರೆದ 56, 65, 45ರ ಅಂಕಿಗಳೆಲ್ಲ ಇನ್ನೂ ಮನೆಗಳಲ್ಲಿ ವಾಸವಾಗಿದ್ದ ಜನರಾಗಿರುತ್ತಿದ್ದರು. ಯೋಜನೆ ಅವರನ್ನು ಅಲ್ಲೇ ಬಿಟ್ಟು ಆಡಳಿತವನ್ನಷ್ಟೇ ಬದಲಿಸುವುದಾಗಿ ಹೇಳಿದರೂ, ಸಶಸ್ತ್ರ ಗುಂಪುಗಳು ಆಗಲೇ ಸಿದ್ಧವಾಗಿದ್ದ ನಾಡಿನಲ್ಲಿ ಆ ಭರವಸೆಯನ್ನು ಕಾಯುವವರು ಯಾರು ಎಂಬುದಕ್ಕೆ ಅದರಲ್ಲಿ ಗಟ್ಟಿ ಉತ್ತರವಿರಲಿಲ್ಲ. ಯುದ್ಧ ತಪ್ಪುತ್ತಿತ್ತು ಎನ್ನುವವರು ಮೊದಲು ಇದಕ್ಕೆ ಉತ್ತರಿಸಬೇಕು.

1993ರ ಹೊತ್ತಿಗೆ ಸಮೀಕರಣವೇ ಬೇರೆ. ಹಿಂದಿನ ವರ್ಷದ ಏಪ್ರಿಲ್ ಕೊನೆಗೆ ಪ್ರಿಯೆದೊರ್ ಸರ್ಬ್ ಪಡೆಗಳ ಕೈಸೇರಿ, ಓಮಾರ್ಸ್ಕಾ, ಕೆರಾತೆರ್ಮ್ ಮತ್ತು ತ್ರ್ನೊಪೊಲ್ಯೆ ಬಂಧನ ಶಿಬಿರಗಳು ತೆರೆದಿದ್ದವು. ಆ ಊರಿನ 56 ಮತ್ತು 58ರ ಸಮಸ್ಯೆಯನ್ನು ‘ಬಿಡಿಸಿದ್ದು’ ಇಂಥ ಶಿಬಿರಗಳು. ಆದ್ದರಿಂದ ಯುದ್ಧದ ನಡುವೆ ವಿಭಜನೆ ಸುಲಭವಾಗುತ್ತ ಬಂತು ಎಂದು ಬರೆಯುವಾಗ, ಅದನ್ನು ಸುಲಭ ಮಾಡಿದ್ದು ಏನು ಎಂಬುದನ್ನೂ ಅದೇ ವಾಕ್ಯದಲ್ಲಿ ಬರೆಯಬೇಕು. 1990ರ ದಶಕದಲ್ಲಿ ವಿಭಜನೆಯನ್ನು ಸಮರ್ಥಿಸಿದವರ ವಾದಕ್ಕೆ ಬಲವಿರುವುದು ಇಲ್ಲಿ: ಬೇರ್ಪಟ್ಟವರನ್ನು ಮತ್ತೆ ಬೆರೆಸಲು ಹೋದರೆ ಹೊಸ ರಕ್ತಪಾತವಾಗುತ್ತದೆ ಎಂಬ ಅವರ ಆತಂಕ ಹುಸಿಯಲ್ಲ. ಅದರ ದೌರ್ಬಲ್ಯವೂ ಇಲ್ಲಿಯೇ ಇದೆ, ಏಕೆಂದರೆ ಹೀಗೆ ಎಳೆದ ಗೆರೆ ಬಲವಂತವಾಗಿ ಎಬ್ಬಿಸಿದವನಿಗೇ ನೆಲದ ಹಕ್ಕುಪತ್ರ ಕೊಡುತ್ತದೆ.

1995ರಲ್ಲಿ ಡೇಟನ್ ಈ ಎರಡರ ನಡುವೆ ನಿಂತಿತು. ಗೆರೆಯನ್ನು ಒಪ್ಪಿಕೊಂಡಿತು, ಆದರೆ ಏಳನೇ ಅನುಬಂಧದಲ್ಲಿ ನಿರಾಶ್ರಿತರಿಗೆ ತಮ್ಮ ಮೂಲ ಮನೆಗೇ ಮರಳುವ ಹಕ್ಕನ್ನು ಕೊಟ್ಟಿತು. 1991ರಲ್ಲಿ 97% ಸರ್ಬರಿದ್ದ ದ್ರ್ವಾರ್, ಯುದ್ಧದ ಕೊನೆಯ ತಿಂಗಳುಗಳಲ್ಲಿ ಕ್ರೊಯೇಟರ ಕೈಸೇರಿದ್ದರಿಂದ, ಬೊಸ್ನಿಯಾಕ್–ಕ್ರೊಯೇಟ್ ಫೆಡರೇಶನ್‌ಗೆ ಸೇರಿತು. ಜನಗಣತಿಯ ನಕ್ಷೆಗೂ ಕೊನೆಯ ಗೆರೆಗೂ ನಡುವಿನ ಅಂತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕಾರಿಡಾರ್‌ನ ಗಂಟಲಿನಂತಿದ್ದ ಬ್ರ್ಚ್ಕೊ ಮಾತ್ರ ಡೇಟನ್‌ನಲ್ಲಿ ತೀರ್ಮಾನವಾಗದೆ ಮಧ್ಯಸ್ಥಿಕೆಗೆ ಹೋಯಿತು. 1999ರ ಮಾರ್ಚ್‌ನಲ್ಲಿ ಬಂದ ಅಂತಿಮ ತೀರ್ಪು ಅದನ್ನು ಎರಡೂ ಘಟಕಗಳಿಗೆ ಸೇರಿದ, ಆದರೆ ಎರಡರ ಆಡಳಿತಕ್ಕೂ ಒಳಪಡದ, ಸ್ವಯಮಾಡಳಿತದ ಪ್ರತ್ಯೇಕ ಜಿಲ್ಲೆಯಾಗಿ ಮಾಡಿತು.