ಆನೆಯನ್ನು ಹೊಡೆಯದೇ ಬಿಟ್ಟಿದ್ದರೆ?

ಡೊಂಬಿವಲಿ, ಥಾಣೆ ಕಡೆಯ ಕನ್ನಡ ಮನೆಗಳ ಮಕ್ಕಳು ಚೆಸ್ ಕಲಿಯುವುದು ಹೆಚ್ಚಾಗಿ ಮರಾಠಿ ಸರ್‌ಗಳ ಬಳಿ. ಅಲ್ಲಿ ಆನೆ ‘ಹತ್ತಿ’, ಒಂಟೆ ‘ಉಂಟ್’, ಮಂತ್ರಿ ‘ವಜೀರ್’. ‘ಹತ್ತಿ ಕೊಟ್ಟು ಗೆದ್ದೆ’ ಎಂದು ಮೊಮ್ಮಗ ಹೇಳಿದರೆ ಊರಿಂದ ಬಂದ ಅಜ್ಜಿಗೆ ದೀಪದ ಬತ್ತಿಯೇ ನೆನಪಾದೀತು. ಹೆಸರು ಏನೇ ಇರಲಿ, ಅದು ಐದು ಅಂಕದ ಕಾಯಿ. ಅದನ್ನು ಸುಮ್ಮನೆ ಬಿಟ್ಟುಕೊಡುವ ಆಟ ಎಂದರೆ ಮಕ್ಕಳಿಗೆ ಎಲ್ಲಿಲ್ಲದ ಹುಚ್ಚು.

ಆ ಹುಚ್ಚಿಗೆ ಮೊದಲ ಕಾರಣ 1999ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ವೈಕ್ ಆನ್ ಝೀಯಲ್ಲಿ ರಷ್ಯಾದ ಕಸ್ಪರೋವ್ ಬಲ್ಗೇರಿಯಾದ ಟೊಪಲೋವ್ ವಿರುದ್ಧ ಆಡಿದ ಆಟ. (ಆ ಟೂರ್ನಿಯಲ್ಲಿ ನಮ್ಮ ಆನಂದ್ ಅರ್ಧ ಅಂಕದಲ್ಲಿ ಎರಡನೆಯವರಾದರು.) ಲೋಕಲ್ ಟ್ರೇನಿನಲ್ಲಿ ಮೊಬೈಲ್ ಹಿಡಿದು ಈ ಆಟ ನೋಡುವ ಹುಡುಗನಿಗೆ 44 ನಡೆಗಳೂ ಬಾಯಿಪಾಠ ಇರುತ್ತವೆ. ಆದರೆ ‘24ನೇ ನಡೆಯಲ್ಲಿ ಟೊಪಲೋವ್ ಆನೆಯನ್ನು ಹೊಡೆಯದಿದ್ದರೆ?’ ಎಂದು ಕೇಳಿ ನೋಡಿ. ಹತ್ತರಲ್ಲಿ ಎಂಟು ಮಕ್ಕಳ ಬಳಿ ಉತ್ತರ ಇರುವುದಿಲ್ಲ. ಬಲಿಯ (ಬೇಕೆಂದೇ ಕಾಯಿ ಬಿಟ್ಟುಕೊಡುವುದರ) ವಿಶ್ಲೇಷಣೆ ಶುರುವಾಗಬೇಕಾದ್ದು ಅಲ್ಲಿಂದಲೇ.

ಹಾಸಿನ ಮೇಲೆ ಕಾಯಿ ಜೋಡಿಸಿಕೊಳ್ಳಿ. (ಮನೆಯ ಹೆಸರಿನಲ್ಲಿ ಎ–ಎಚ್ ಅಕ್ಷರ ಬಿಳಿಯ ಎಡದಿಂದ ಬಲಕ್ಕೆ, 1–8 ಅಂಕೆ ಬಿಳಿಯ ಕಡೆಯಿಂದ ಮುಂದಕ್ಕೆ.) ಬಿಳಿ: ರಾಜ ಬಿ1, ಮಂತ್ರಿ ಎಫ್4, ಆನೆಗಳು ಡಿ1 ಮತ್ತು ಇ1, ಕುದುರೆ ಎ5, ಒಂಟೆ ಎಚ್3, ಪದಾತಿಗಳು ಎ3, ಬಿ2, ಸಿ2, ಡಿ5, ಎಫ್3, ಜಿ3, ಎಚ್2. ಕಪ್ಪು: ರಾಜ ಎ7, ಮಂತ್ರಿ ಡಿ6, ಆನೆಗಳು ಡಿ8 ಮತ್ತು ಎಚ್8, ಒಂಟೆ ಎ8, ಕುದುರೆ ಎಫ್6, ಪದಾತಿಗಳು ಎ6, ಬಿ5, ಸಿ5, ಡಿ4, ಎಫ್7, ಜಿ6, ಎಚ್7. ಎಣಿಸಿದರೆ ಎರಡೂ ಕಡೆ ಸಮ. ಬಿಳಿಯ ಸರದಿ.

ಕಸ್ಪರೋವ್ ಡಿ1ರ ಆನೆಯಿಂದ ಡಿ4ರ ಪದಾತಿಯನ್ನು ಹೊಡೆದರು. ಆ ಪದಾತಿಗೆ ಸಿ5ರ ಪದಾತಿಯ ಕಾವಲಿದೆ. ಒಂದು ಪದಾತಿಗಾಗಿ ಆನೆ ಹೋಗುವುದು ಮೊದಲ ನೋಟಕ್ಕೆ ಶುದ್ಧ ಕಣ್ತಪ್ಪು. ಅಚ್ಚರಿ ಹುಟ್ಟುವುದೂ ಅದಕ್ಕೇ: ನಾವು ಆನೆ ಹೋದದ್ದನ್ನು ನೋಡುತ್ತೇವೆ, ಸಿ5ರ ಪದಾತಿ ತನ್ನ ಮನೆ ಬಿಟ್ಟದ್ದನ್ನು ನೋಡುವುದಿಲ್ಲ. ಜಿ1ರಿಂದ ಎ7ರವರೆಗಿನ ಓರೆ ಸಾಲಿಗೆ ಆ ಪದಾತಿಯೇ ಅಡ್ಡಗೋಡೆ. ಅದು ಆನೆಯನ್ನು ಹೊಡೆದು ಡಿ4ಕ್ಕೆ ಬಂದರೆ ಬಿಳಿ ಮಂತ್ರಿ ಅಲ್ಲೇ ಅದನ್ನು ಹೊಡೆದು ನೇರ ಎ7ರ ರಾಜನಿಗೆ ಚೆಕ್ ಹಾಕುತ್ತದೆ. ಇನ್ನುಳಿದ ಕಾಯಿಗಳನ್ನು ನೋಡಿ. ಎ5ರ ಕುದುರೆ ಬಿ7, ಸಿ6 ಮನೆಗಳನ್ನು ಹಿಡಿದಿದೆ. ಎಚ್3ರ ಒಂಟೆಗೆ ಸಿ8, ಡಿ7 ಸಿಕ್ಕಿವೆ. ಎ8ರಲ್ಲಿ ಕಪ್ಪಿನ ಸ್ವಂತ ಒಂಟೆಯೇ ರಾಜನ ಮೂಲೆಗೆ ಅಡ್ಡ ಕೂತಿದೆ.

ಟೊಪಲೋವ್ ಆನೆಯನ್ನು ಹೊಡೆದರು. 25ನೇ ನಡೆಗೆ ಎರಡನೇ ಆನೆ ಇ7ಕ್ಕೆ ಬಂದು ಚೆಕ್. ಕಪ್ಪು ಮಂತ್ರಿ ಅದನ್ನೂ ನುಂಗಿದರೆ ಆಟ ಬೇಗ ಮುಗಿಯುತ್ತದೆ: ಬಿಳಿ ಮಂತ್ರಿ ಡಿ4ಕ್ಕೆ ಚೆಕ್, ರಾಜ ಬಿ8ಕ್ಕೆ, ಮಂತ್ರಿ ಬಿ6ಕ್ಕೆ ಚೆಕ್, ಒಂಟೆ ಬಿ7ರಲ್ಲಿ ಅಡ್ಡ, ಕುದುರೆ ಸಿ6ಕ್ಕೆ ಚೆಕ್, ರಾಜ ಎ8ಕ್ಕೆ, ಮಂತ್ರಿ ಎ7ರಲ್ಲಿ ಮೇಟ್. ಆದ್ದರಿಂದ ಕಪ್ಪು ರಾಜ ಬಿ6ಕ್ಕೆ ಹೋದ, ಬಿಳಿ ಮಂತ್ರಿ ಡಿ4ರಲ್ಲಿ ಚೆಕ್ ಕೊಟ್ಟಿತು, ರಾಜ ಎ5ರ ಕುದುರೆಯನ್ನೂ ತಿಂದ. ಈಗ ನಿಂತು ಲೆಕ್ಕ ಹಾಕಿ. ಬಿಳಿ ಕೊಟ್ಟದ್ದು ಆನೆ 5, ಕುದುರೆ 3, ಒಟ್ಟು 8. ಪಡೆದದ್ದು ಎರಡು ಪದಾತಿ. ಆರು ಅಂಕ ಹಿಂದೆ!

ಮಕ್ಕಳ ಅನುಕರಣೆ ಸೋಲುವುದು ಈ ಹಂತದಲ್ಲಿ. ಚೆಕ್ ಮೇಲೆ ಚೆಕ್ ಕೊಡುತ್ತಾ ಹೋಗುತ್ತಾರೆ. ಚೆಕ್ ಮುಗಿದಾಗ ಕೈ ಖಾಲಿ. ಇಲ್ಲಿ ಬಿ4ಕ್ಕೆ ಪದಾತಿಯ ಚೆಕ್, ರಾಜ ಎ4ಕ್ಕೆ ಹೋದ ಮೇಲೆ ಕಸ್ಪರೋವ್ 28ನೇ ನಡೆಗೆ ಚೆಕ್ ಕೊಡಲಿಲ್ಲ, ಮಂತ್ರಿಯನ್ನು ಸದ್ದಿಲ್ಲದೆ ಸಿ3ಕ್ಕೆ ಸರಿಸಿದರು. ಮುಂದಿನ ಬೆದರಿಕೆ ಬಿ3ರಲ್ಲಿ ಮೇಟ್. (ಅದಕ್ಕಿಂತ ಆನೆಯನ್ನು ಎ7ಕ್ಕೆ ಒಯ್ಯುವುದೇ ಚುರುಕಾಗಿತ್ತು ಎಂದು ಆಮೇಲಿನ ವಿಶ್ಲೇಷಣೆ ತೋರಿಸಿತು.) 36ನೇ ನಡೆಯೂ ಹಾಗೆಯೇ. ಕಪ್ಪು ರಾಜ ಅಷ್ಟರಲ್ಲಿ ಬಿಳಿಯ ಮನೆಯಂಗಳಕ್ಕೇ, ಡಿ1ಕ್ಕೆ, ಬಂದು ನಿಂತಿರುತ್ತಾನೆ. ಬಿಳಿ ಒಂಟೆ ಎಚ್3ರಿಂದ ಎಫ್1ಕ್ಕೆ ಹಿಂದೆ ಸರಿದು ಸಿ4ರ ಕಪ್ಪು ಮಂತ್ರಿಗೆ ಕೈ ಹಾಕುತ್ತದೆ. ಕಪ್ಪು ಮಂತ್ರಿ ಒಂಟೆಯನ್ನು ಹೊಡೆದರೆ ಬಿಳಿ ಮಂತ್ರಿ ಸಿ2ಕ್ಕೆ ಚೆಕ್, ರಾಜ ಇ1ಕ್ಕೆ, ಬಿಳಿ ಆನೆ ಇ7ಕ್ಕೆ ಚೆಕ್, ಕಪ್ಪು ಮಂತ್ರಿ ಇ2ರಲ್ಲಿ ಅಡ್ಡ, ಬಿಳಿ ಮಂತ್ರಿ ಅದನ್ನು ಹೊಡೆದು ಅಲ್ಲೇ ಮೇಟ್. ಬಲಿ ಕೊಡುವವರಲ್ಲಿ ಇರಬೇಕಾದ್ದು ಇಂಥ ಚೆಕ್ ಇಲ್ಲದ ನಡೆ. ಅದು ಕಾಣದಿದ್ದರೆ ಆನೆ ಮುಟ್ಟಬೇಡಿ.

ಈಗ ಹೊಡೆಯದಿರುವ ಮಾತು. ಕಪ್ಪಿಗೆ 24ನೇ ನಡೆಗೆ ಮನಸ್ಸಿಗೆ ಬರುವ ಮೊದಲ ನಿರಾಕರಣೆ ಮಂತ್ರಿ ಬದಲಿ: ಡಿ6ರ ಮಂತ್ರಿಯಿಂದ ಎಫ್4ರ ಮಂತ್ರಿಯನ್ನು ಹೊಡೆಯುವುದು. ಬುದ್ಧಿವಂತಿಕೆಯ ನಡೆಯಂತೆ ಕಾಣುತ್ತದೆ, ಆದರೆ ಅಪಾಯದಲ್ಲಿದ್ದ ಆನೆ ಡಿ4ರಿಂದ ಎಫ್4ಕ್ಕೆ ಹೊಡೆದು ಬಚಾವಾಗುತ್ತದೆ, ಜೊತೆಗೆ ಎಫ್6ರ ಕುದುರೆ ಅದರ ಬಾಯಿಗೆ ಸಿಗುತ್ತದೆ. ಕುದುರೆ ಡಿ5ರ ಪದಾತಿಯನ್ನು ಹೊಡೆದು ತಪ್ಪಿಸಿಕೊಂಡರೆ ಆನೆ ಎಫ್7ಕ್ಕೆ, ಅದೂ ಚೆಕ್ ಸಮೇತ, ಏಕೆಂದರೆ ರಾಜ ಏಳನೇ ಸಾಲಿನಲ್ಲೇ ಇದ್ದಾನೆ. ಬಿಳಿ ಒಂದು ಪದಾತಿ ಮುಂದೆ, ಆನೆ ಏಳನೇ ಸಾಲಿನಲ್ಲಿ.

ಸರಿಯಾದ ಉತ್ತರ ರಾಜನ ಒಂದೇ ಹೆಜ್ಜೆ: ಎ7ರಿಂದ ಬಿ6ಕ್ಕೆ. ಏನನ್ನೂ ಹೊಡೆಯುವುದಿಲ್ಲ, ಚೆಕ್ಕೂ ಇಲ್ಲ. ಆದರೆ ಏಳನೇ ಸಾಲಿನ ಚೆಕ್‌ಗಳೆಲ್ಲ ಒಮ್ಮೆಗೇ ಮಾಯ. ಎ5ರ ಕುದುರೆ ರಾಜನ ಎದುರು, ಡಿ4ರ ಆನೆ ಪದಾತಿಯ ಎದುರು, ಬಿಳಿಗೆ ಎರಡೆರಡು ಕಾಯಿ ಅಪಾಯದಲ್ಲಿ. ಬಿಳಿಯ ಒಳ್ಳೆಯ ನಡೆ ಕುದುರೆಯನ್ನು ಬಿ3ಕ್ಕೆ ಒಯ್ಯುವುದು. ಕಪ್ಪು ಆಸೆಪಟ್ಟು ಈಗ ಆನೆಯನ್ನು ಹೊಡೆದರೆ ಬಿಳಿ ಮಂತ್ರಿ ಡಿ4ಕ್ಕೆ ಬಂದು ಚೆಕ್ ಹಾಕಿ ದಾಳಿ ಮತ್ತೆ ಶುರು. ಕಪ್ಪು ಒಂಟೆಯಿಂದ ಡಿ5ರ ಪದಾತಿ ಹೊಡೆಯಬೇಕು. ಆಮೇಲೆ ಡಿ6ರಲ್ಲಿ ಮಂತ್ರಿಗಳ ಬದಲಿ, ಬಿಳಿ ಆನೆ ಡಿ2ಕ್ಕೆ ವಾಪಸ್. ಎರಡೂ ಕಡೆ ಎರಡೆರಡು ಆನೆ, ಒಂದೊಂದು ಒಂಟೆ, ಒಂದೊಂದು ಕುದುರೆ, ಆರಾರು ಪದಾತಿ. ದಾಳಿಯೂ ಇಲ್ಲ, ದಂತಕಥೆಯೂ ಇಲ್ಲ, ಸಮಬಲದ ಆಟ.

ಹಾಗಾದರೆ ಆ ಬಲಿ ತಪ್ಪೇ? ನಡೆಗಳನ್ನು ಅಳೆದು ಅಂಕ ಕೊಡುವ ಚೆಸ್ ಎಂಜಿನ್‌ನಲ್ಲಿ ಸೊನ್ನೆ ಆಸುಪಾಸಿನ (ಎರಡೂ ಕಡೆ ಸಮ ಎಂಬ) ಅಂಕ ನೋಡಿ ‘ಸುಮ್ಮನೆ ಹೊಗಳುತ್ತಾರೆ’ ಎನ್ನುವ ಹುಡುಗರಿದ್ದಾರೆ. ಆ ಮಾತು ಒಪ್ಪುವಂಥದ್ದಲ್ಲ. ಗಡಿಯಾರ ಓಡುತ್ತಿರುವಾಗ, ಬಿಟ್ಟಿಯಾಗಿ ಸಿಗುವ ಆನೆಯನ್ನು ಬಿಟ್ಟು ರಾಜನನ್ನೇ ಮುಂದೆ ನಡೆಸಬೇಕು ಎಂದು ಹೊಳೆಯುವುದು ಸುಲಭವಲ್ಲ. ಉತ್ತಮ ಉತ್ತರ ಒಂದು, ಅದೂ ಕಣ್ಣಿಗೆ ಒಗ್ಗದ್ದು. ಸೋಲುವ ಉತ್ತರ ಸಹಜವಾದದ್ದು. ಆಡುವವರ ದೃಷ್ಟಿಯಲ್ಲಿ ಇದು ದೊಡ್ಡ ಬಲಿಯೇ.

ಎಲ್ಲ ಬಲಿಗಳೂ ಹೀಗಲ್ಲ. 1907ರಲ್ಲಿ ಪೋಲೆಂಡಿನ ಲೋಡ್ಜ್‌ನಲ್ಲಿ ರೊಟ್ಲೆವಿ ವಿರುದ್ಧ ಕಪ್ಪು ಕಾಯಿಗಳಲ್ಲಿ ರೂಬಿನ್‌ಸ್ಟೈನ್ 22ನೇ ನಡೆಗೆ ಆನೆಯಿಂದ ಸಿ3ರ ಕುದುರೆ ಹೊಡೆದರು, ಮಂತ್ರಿಯೂ ಪದಾತಿಯ ಬಾಯಲ್ಲೇ ಇತ್ತು. ಅಲ್ಲಿ ಆನೆಯನ್ನು ಒಂಟೆಯಿಂದ ಹೊಡೆದರೆ ಎಚ್2ರಲ್ಲಿ ಮೇಟ್. ಎರಡನ್ನೂ ಬಿಟ್ಟು ಬಿ7ರ ಒಂಟೆಯನ್ನು ಹೊಡೆದರೆ ಆನೆ ಜಿ3ರ ಪದಾತಿಯನ್ನು ಹೊಡೆಯುತ್ತದೆ; ಎಚ್2ರ ಪದಾತಿ ಅದನ್ನು ಹೊಡೆಯುವಂತಿಲ್ಲ, ಹಿಂದೆ ಎಚ್1ರಲ್ಲಿ ರಾಜ ಇದ್ದಾನೆ. ರೊಟ್ಲೆವಿ ಮಂತ್ರಿಯನ್ನೇ ಹೊಡೆದರು, ಎರಡು ನಡೆಗಳ ನಂತರ ಸೋಲೊಪ್ಪಿದರು. ಹೊಡೆದರೂ ಸೋಲು, ಬಿಟ್ಟರೂ ಸೋಲು.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಮೊಬೈಲ್ ಪಕ್ಕಕ್ಕಿಡಿ, ನಿಜವಾದ ಹಾಸಿನ ಮೇಲೆ ಜೋಡಿಸಿ, 20 ನಿಮಿಷ ಗಡಿಯಾರ ಇಡಿ, ಕಾಯಿ ಮುಟ್ಟದೆ ಯೋಚಿಸಿ. ಹಾಳೆಯಲ್ಲಿ ಮೂರು ಕಾಲಂ: ಹೊಡೆದರೆ, ಹೊಡೆಯದಿದ್ದರೆ, ನಡುವೆ ಎದುರಾಳಿಗೆ ಚೆಕ್ ಸಿಕ್ಕರೆ. ಎರಡನೇ ಕಾಲಂ ಮೊದಲು ತುಂಬಿ. ಮೂರನೆಯದನ್ನು ಮರೆತೇ ಹೆಚ್ಚು ಆಟಗಳು ಕೈಬಿಡುವುದು. ಎಂಜಿನ್ ತೆರೆಯುವಾಗ ಒಂದೇ ಸಾಲು ತೋರಿಸುವಂತೆ ಇಡಬೇಡಿ, ಮೂರು ಇಡಿ. ಮೊದಲ ನಡೆಗೂ ಎರಡನೆಯದಕ್ಕೂ ಎಷ್ಟು ಅಂತರ ಎಂಬುದರಲ್ಲೇ ಎದುರಾಳಿಯ ಕಷ್ಟ ಕಾಣುತ್ತದೆ. ಇನ್ನು 25 ನಿಮಿಷದ ರ‍್ಯಾಪಿಡ್ ಟೂರ್ನಿಯಲ್ಲಿ ಲೆಕ್ಕ ಕೊನೆ ಮುಟ್ಟದಿದ್ದರೆ, ಕನಿಷ್ಠ ಪದೇ ಪದೇ ಚೆಕ್ ಕೊಟ್ಟು ಡ್ರಾ ಮಾಡಿಕೊಳ್ಳುವ ದಾರಿ ಉಂಟೇ ಎಂದು ನೋಡಿಕೊಂಡೇ ಆನೆ ಬಿಡಿ.