ಟಾಪೊದ ದಾರಿ ಮಣಿಪಾಲದ ಮುರಕಲ್ಲಿಗೆ ಹೊಂದುವುದೇ?

ಮಣಿಪಾಲಕ್ಕೆ ಹೆಸರು ಕೊಟ್ಟದ್ದು ಮಣ್ಣಪಳ್ಳ. ತುಳುವಿನಲ್ಲಿ ಪಳ್ಳವೆಂದರೆ ಕೆರೆ. ನ್ಯೂಜಿಲೆಂಡಿನ ಟಾಪೊ ಸರೋವರದ ಬದಿಯ ಮೌಂಟನ್ ಬೈಕ್ ದಾರಿಗಳ ವಿಡಿಯೊ ನೋಡಿದ ಕರಾವಳಿಯ ಸವಾರರು, ಅಂಥದ್ದು ನಮ್ಮ ಪಳ್ಳದ ಸುತ್ತ, ನಮ್ಮ ಪದವುಗಳ (ಗುಡ್ಡದ ಮೇಲಿನ ಕಲ್ಲುಬಯಲುಗಳ) ಮೇಲೆ ಏಕಾಗದು ಎಂದು ಕೇಳುವುದು ಸಹಜ. ಆಗದು ಎಂದಲ್ಲ. ಆದರೆ ಅಲ್ಲಿಯದನ್ನು ಹಾಗೆಯೇ ನಕಲು ಮಾಡಿದರೆ ಒಂದು ಮಳೆಗಾಲವೂ ಬಾಳದು. ಕಾರಣ ಮಣ್ಣಿನಲ್ಲಿದೆ.

ಟಾಪೊ ಇರುವುದು ಜ್ವಾಲಾಮುಖಿಯ ಬಾಯಿಯಲ್ಲಿ. ಸುಮಾರು 25,500 ವರ್ಷಗಳ ಹಿಂದಿನ ಮಹಾಸ್ಫೋಟಕ್ಕೆ ನೆಲ ಕುಸಿದು ಆದ ಗುಳಿಯಲ್ಲಿ ಇಂದು 616 ಚದರ ಕಿ.ಮೀ. ನೀರು ನಿಂತಿದೆ. ಸುಮಾರು 1,800 ವರ್ಷಗಳ ಹಿಂದೆ ಅದು ಮತ್ತೊಮ್ಮೆ ಸಿಡಿದು ಸುತ್ತಲ ನಾಡಿಗೆ ಪ್ಯೂಮಿಸ್ ಹಾಸಿತು. ನೀರಿನಲ್ಲಿ ತೇಲುವಷ್ಟು ಹಗುರವಾದ, ಜೇನುಗೂಡಿನಂಥ ಕಲ್ಲು ಅದು. ಆ ಮಣ್ಣಿನಲ್ಲಿ ಕೋಬಾಲ್ಟ್ ಸಾಲದೆ ದನ, ಕುರಿಗಳು ಮೇವಿದ್ದೂ ಸೊರಗಿ ಸಾಯುತ್ತಿದ್ದವು. ಕಾರಣ ಗೊತ್ತಾದದ್ದು 1930ರ ದಶಕದಲ್ಲಿ. ಅಷ್ಟರೊಳಗೆ ಬಹಳಷ್ಟು ಭೂಮಿಗೆ ಪೈನ್ ನೆಟ್ಟಾಗಿತ್ತು. ಹುಲ್ಲುಗಾವಲು ಆಗದ ಆ ನೆಲದ ನೆಡುತೋಪುಗಳೇ ಮುಂದೆ ಸೈಕಲ್ ಸವಾರರಿಗೆ ಒದಗಿದವು. ಇನ್ನೊಂದು ಜ್ವಾಲಾಮುಖಿ ಸರೋವರದ ಊರಾದ ರೊಟೊರುವಾದಲ್ಲಿ 2006ರ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. 2009ರಲ್ಲಿ ಅಲ್ಲಿಯ ಸರ್ಕಾರ ದೇಶದುದ್ದ ಸೈಕಲ್ ದಾರಿಗಳ ಯೋಜನೆ ಕೈಗೆತ್ತಿಕೊಂಡಿತು. ಟಾಪೊದ ವಾಯವ್ಯ ದಂಡೆಯ 71 ಕಿ.ಮೀ. ಗ್ರೇಟ್ ಲೇಕ್ ಟ್ರೇಲ್ ಆ ಜಾಲದ್ದೇ.

ದಾರಿ ಕಡಿಯುವ ನಿಯಮಗಳು ಮಾತ್ರ ಹುಟ್ಟಿದ್ದು ಜಗಳದಿಂದ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಸವಾರರು ಗುಡ್ಡದ ಕಚ್ಚಾ ರಸ್ತೆಗಳಲ್ಲಿ ನೇರ ಕೆಳಕ್ಕೆ ಧುಮುಕುತ್ತಿದ್ದರು. ಮಣ್ಣು ಕೊರೆಯಿತು, ನಡೆಯುವವರು ದೂರಿದರು, ಕಾಲುದಾರಿಗಳು ಸೈಕಲ್ಲಿಗೆ ಮುಚ್ಚಿದವು. ಅದಕ್ಕೆ ಉತ್ತರವಾಗಿ 1988ರಲ್ಲಿ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ ಹುಟ್ಟಿತು. ಅದು ಪ್ರಚಾರಕ್ಕೆ ತಂದ ಲೆಕ್ಕಗಳು ಸರಳ: ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧ ಮೀರಬಾರದು. ಗುಡ್ಡ ಶೇ 16 ಇದ್ದರೆ ದಾರಿ ಶೇ 8. ಒಟ್ಟು ಸರಾಸರಿ ಶೇ 10ರೊಳಗೆ. ದಾರಿಯ ಮೈ ಹೊರಬದಿಗೆ ಶೇ 5 ವಾಲಬೇಕು, ಎಂದರೆ ಒಂದು ಮೀಟರ್ ಅಗಲಕ್ಕೆ 5 ಸೆಂ.ಮೀ. ಇಳಿಯುವ ದಾರಿ ಅಲ್ಲಲ್ಲಿ ಒಂದಿಷ್ಟು ಏರಿ ಮತ್ತೆ ಇಳಿಯಬೇಕು. ಆ ತಗ್ಗಿನಲ್ಲಿ ನೀರು ದಾರಿ ಬಿಟ್ಟು ಹೊರಗೆ ಹೋಗುತ್ತದೆ.

ಪ್ಯೂಮಿಸ್ ನೀರನ್ನು ಹೀರಿಕೊಳ್ಳುವುದರಿಂದ ಮಳೆ ನಿಂತ ಸ್ವಲ್ಪ ಹೊತ್ತಿಗೇ ಅಲ್ಲಿ ಸವಾರಿ ಸಾಧ್ಯ. ನೀರು ಒಂದೆಡೆ ಕೂಡಿ ಹರಿದರೆ ಅದೂ ಕೊರಕಲು ಬೀಳುತ್ತದೆ, ಆದರೆ ಟಾಪೊದಲ್ಲಿ ವರ್ಷದ ಮಳೆ ಸುಮಾರು 1,000 ಮಿ.ಮೀ.; ಅದೂ ಹನ್ನೆರಡು ತಿಂಗಳಿಗೆ ಹಂಚಿ. ಉಡುಪಿಯಲ್ಲಿ 4,000ದ ಆಸುಪಾಸು, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ.

ನಮ್ಮಲ್ಲಿ ಜ್ವಾಲಾಮುಖಿಯ ಕಲ್ಲು ನೋಡಬೇಕೆಂದರೆ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕು. ಪದವುಗಳದ್ದು ಮುರಕಲ್ಲು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇದೇ ಬಗೆಯ ಕಲ್ಲಿಗೆ, ಮಲಬಾರಿನಲ್ಲಿ ಕಂಡು. ಮೇಲಿನ ಪದರ ಗಾಳಿಗೆ ಗಟ್ಟಿಯಾಗುತ್ತದೆ. ಅದರ ಕೆಳಗಿನದು ಶೇಡಿ ಎಂಬ ನುಣ್ಣನೆಯ ಜೇಡಿಮಣ್ಣು. ಒಣಗಿದಾಗ ಪಿಕಾಸಿಗೂ ಬಗ್ಗದು, ನೆನೆದರೆ ಕೈಯಲ್ಲೇ ಕರಗುತ್ತದೆ. ಹೆದ್ದಾರಿಗೆಂದು ಗುಡ್ಡ ಕಡಿದಲ್ಲಿ ಆಟಿಯ (ಜುಲೈ-ಆಗಸ್ಟ್) ಮಳೆಗೆ ಜರಿಯುವುದು ಇದೇ.

ಹಾಗಾಗಿ ಇಲ್ಲಿ ಮೊದಲ ತಪ್ಪು ಜೆಸಿಬಿ ಇಳಿಸುವುದು. ಎರಡು ಮೀಟರ್ ಅಗಲ ಕಡಿದರೆ ಮೇಲಿನ ಗಟ್ಟಿ ಪದರ ಹೋಗಿ ಶೇಡಿ ಬಯಲಾಗುತ್ತದೆ. ಅಗೆದ ಮಣ್ಣನ್ನು ಹೊರಅಂಚಿಗೆ ಒಟ್ಟಿದರೆ ಅದೇ ಕಟ್ಟವಾಗಿ ನೀರು ದಾರಿಯೊಳಗೇ ಹರಿದು, ದಾರಿ ತೋಡಾಗುತ್ತದೆ. ಅಗಲ 60ರಿಂದ 90 ಸೆಂ.ಮೀ. ಸಾಕು, ಹಾರೆ, ಪಿಕಾಸಿಯಲ್ಲೇ ಕಡಿಯಬಹುದು. ಶೇಡಿ ಕಂಡಲ್ಲಿ ಕಡಿಯುವುದು ನಿಲ್ಲಿಸಿ ಮುರಕಲ್ಲು ಹಾಸಬೇಕು. ಏರಿಳಿತದ ತಗ್ಗುಗಳನ್ನು 6 ಮೀಟರಿಗೊಂದರಂತೆ ಹತ್ತಿರ ತರಬೇಕು. ಅಮೆರಿಕದ ಆ ಸಂಘ ಗರಿಷ್ಠವೆಂದು ಹೇಳುವ 15 ಮೀಟರ್ ಅಂತರ ನಮ್ಮ ಮಳೆಗೆ ನಡೆಯದು. ಮಳೆಗಾಲದಲ್ಲಿ ಸವಾರಿಯೇ ಬೇಡ. ಟಯರಿನ ಗುರುತು ಒಂದು ಸೆಂ.ಮೀ. ಆಳಕ್ಕೆ ಇಳಿಯುತ್ತಿದ್ದರೆ ಹಿಂತಿರುಗುವುದೇ ಸರಿ. ಪಾಚಿ ಹಿಡಿದ ಮುರಕಲ್ಲಿನ ಮೇಲಂತೂ ಯಾವ ಟಯರೂ ನಿಲ್ಲದು.

ಬೇಸಿಗೆಯ ತೊಂದರೆ ಬೇರೆ. ಉದುರಿದ ಕೆಂಪು ಹರಳು ಗಾಲಿಯಡಿ ಗೋಲಿಗಳಂತೆ ಉರುಳುತ್ತದೆ. ಬ್ರೇಕ್ ತಿರುವಿಗೆ ಮೊದಲೇ ಹಿಡಿದು, ತಿರುವಿನೊಳಗೆ ಬಿಡಬೇಕು. 70 ಕಿಲೊ ತೂಕದವರಿಗೆ 2.3 ಇಂಚಿನ ಟ್ಯೂಬ್‌ಲೆಸ್ ಟಯರಿನಲ್ಲಿ ಮುಂದೆ 22, ಹಿಂದೆ 25 ಪಿಎಸ್‌ಐ ಗಾಳಿಯೊತ್ತಡ ಸರಿಹೋಗುತ್ತದೆ. ಇನ್ನೂ ಇಳಿಸಿದರೆ ಮುರಕಲ್ಲಿನ ಚೂಪು ಅಂಚು ಟಯರಿನ ಪಕ್ಕವನ್ನು ಸೀಳುತ್ತದೆ.

ಮಣ್ಣಪಳ್ಳದ ದಂಡೆ ಸಮತಟ್ಟು, ಅದು ನಡೆಯುವವರದು. ಅದನ್ನು ಅವರಿಗೇ ಬಿಡಬೇಕು. ದಾರಿಗೆ ತಕ್ಕದ್ದು ಪದವಿನ ಅಂಚಿನ ಇಳಿಜಾರು. ಜಾಗದವರ ಒಪ್ಪಿಗೆ ಪಡೆದು, ಜೂನ್‌ನ ಮೊದಲ ಜೋರು ಮಳೆಗೆ ಕೊಡೆ ಹಿಡಿದು ಅಲ್ಲಿ ನಿಲ್ಲಬೇಕು. ನೀರು ಎಲ್ಲಿ ಕೂಡುತ್ತದೆ, ಎಲ್ಲಿ ಹರಡುತ್ತದೆ ನೋಡಿ ಗೂಟ ನೆಟ್ಟು ಬರಬೇಕು. ಕಡಿಯುವುದು ನವೆಂಬರಿನಲ್ಲಿ, ಮಣ್ಣಿನಲ್ಲಿ ಇನ್ನೂ ತುಸು ಪಸೆ ಇರುವಾಗ.